ಗೆಲ್ಲಲಾಗದ ಶತ್ರುವಿಗೂ ಭೂಪಟದಲ್ಲಿ ಜಾಗವಿರಲಿ: ಸ್ಯಾಂಡ್‌ಬಾಕ್ಸ್ ಆಟದಲ್ಲಿ ಅಪಾಯವನ್ನು ತೂಗುವ ಬಗೆ

ಮೊದಲೇ ಬರೆದಿಟ್ಟ ಕಥೆಯ ದಾರಿಯಲ್ಲಿ ಆಟಗಾರರನ್ನು ಕರೆದೊಯ್ಯದೆ, ಇಡೀ ಸೀಮೆಯೊಂದನ್ನು ಅವರ ಮುಂದೆ ಹರಡಿ, ಯಾವ ದಿಕ್ಕಿಗೆ ಹೋಗಬೇಕು, ಏನನ್ನು ಹುಡುಕಬೇಕು ಎಂಬುದನ್ನು ಅವರಿಗೇ ಬಿಟ್ಟುಕೊಡುವ ಆಟಕ್ಕೆ ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಗಲಿ, ಅದರ ಬಳಗಕ್ಕೆ ಸೇರಿದ ಬೇರೆ ರೋಲ್‌ಪ್ಲೇಯಿಂಗ್ ಆಟವಾಗಲಿ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತು ಮತ್ತು ದಾಳಗಳಿಂದ ಆಡುವಂಥದು), ಈ ಕ್ರಮದಲ್ಲಿ ಆಡಿಸಲು ಹೊರಟ ಗೇಮ್ ಮಾಸ್ಟರ್‌ಗೆ, ಎಂದರೆ ಆಟ ನಡೆಸುವವನಿಗೆ, ಬಹುಬೇಗ ಎದುರಾಗುವ ಪ್ರಶ್ನೆಯೊಂದಿದೆ: ಮೊದಲ ಲೆವೆಲ್‌ನ, ಎಂದರೆ ಇನ್ನೂ ಎಳಸಾದ, ನಾಲ್ವರು ನೆಟ್ಟಗೆ ಡ್ರ್ಯಾಗನ್ನಿನ ಗುಹೆಗೇ ನಡೆದರೆ ಏನು ಮಾಡುವುದು? ಡ್ರ್ಯಾಗನ್ನನ್ನು ಕುಗ್ಗಿಸಿದರೆ ಆ ಸೀಮೆಯೇ ಸುಳ್ಳಾಗುತ್ತದೆ. ಕುಗ್ಗಿಸದಿದ್ದರೆ ಆಟ ಅರ್ಧ ಗಂಟೆಯಲ್ಲಿ ಮುಗಿದುಹೋದೀತೆಂಬ ಆತಂಕ. ಡ್ರ್ಯಾಗನ್ನನ್ನು ಮುಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಅಲ್ಲಿದೆಯೆಂದು ಆಟಗಾರರಿಗೆ ಎಷ್ಟು ಮೊದಲೇ ತಿಳಿಯುತ್ತದೆ, ತಿಳಿದ ಮೇಲೆ ಅವರ ಕೈಯಲ್ಲಿ ಎಷ್ಟು ದಾರಿಗಳು ಉಳಿದಿರುತ್ತವೆ ಎಂಬ ಎರಡನ್ನು ಮಾತ್ರ ನಾವು ತೂಗಬೇಕು. ಆ ತೂಕವನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ನಾನು ಆಡಿಸುವುದು ಕಾಸರಗೋಡಿನ ಕನ್ನಡ ಗೆಳೆಯರ ನಡುವೆ. ನಮ್ಮ ಆಟದ ಭೂಪಟವೂ ಹಳೆಯ ಕುಂಬಳೆ ಸೀಮೆಯ ನೆಲವನ್ನೇ ನೋಡಿ ಬರೆದದ್ದಾದ್ದರಿಂದ ಉದಾಹರಣೆಗಳು ಇಲ್ಲಿನ ಹೊಳೆ ಗುಡ್ಡೆಗಳವು. ಬೇರೆ ಊರಿನವರು ತಮ್ಮ ನೆಲಕ್ಕೆ ಒಗ್ಗಿಸಿಕೊಳ್ಳಬಹುದು.

ಭೂಪಟದಿಂದಲೇ ತೊಡಗಬೇಕು

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ ಹೊರತಂದ ಮೂಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನೆಲಮಾಳಿಗೆಯ ಅಂತಸ್ತುಗಳನ್ನು ಇಳಿದಷ್ಟೂ ಅಪಾಯ ಹೆಚ್ಚುತ್ತಿತ್ತು, ಅದರ ಜೊತೆಗೆ ಸಂಪತ್ತೂ ಹೆಚ್ಚುತ್ತಿತ್ತು. ಆಟಗಾರರಿಗೆ ಈ ಸಂಗತಿ ಗೊತ್ತಿದ್ದುದರಿಂದ ಮೆಟ್ಟಿಲು ಇಳಿಯುವ ತೀರ್ಮಾನವೇ ಎಷ್ಟು ಅಪಾಯವನ್ನು ಹೊರುತ್ತೇವೆ ಎಂಬ ತೀರ್ಮಾನವಾಗಿತ್ತು. ಬಯಲಿನ ಭೂಪಟಕ್ಕೂ ಇಂಥದೊಂದು ಮೆಟ್ಟಿಲು ಬೇಕು. ಬೆನ್ ರಾಬಿನ್ಸ್ ನಡೆಸಿದ ವೆಸ್ಟ್ ಮಾರ್ಚಸ್ ಎಂಬ ಹೆಸರಾಂತ ಕ್ಯಾಂಪೇನ್‌ನಲ್ಲಿ (ಹಲವು ಕೂಟಗಳಲ್ಲಿ ಮುಂದುವರಿಯುವ ಆಟದಲ್ಲಿ) ಪಟ್ಟಣದಿಂದ ದೂರ ಹೋದಷ್ಟೂ ಅಪಾಯ ಏರುತ್ತಿದ್ದುದು ಈ ಕಾರಣಕ್ಕೇ.

ಕಾಸರಗೋಡಿನ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪಡುವಲಲ್ಲಿ ಕಡಲು, ಕಡಲ ಬದಿಯಲ್ಲಿ ಪೇಟೆ ಮತ್ತು ಕೋಟೆ. ನಡುವೆ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಪಾರೆಗಳು, ಎಂದರೆ ಕಲ್ಲುಹಾಸಿನ ಬಯಲುಗಳು, ಅವುಗಳ ಬುಡದಲ್ಲಿ ಅಡಿಕೆ ತೋಟ ಮತ್ತು ಬೈಲು. ಮೂಡಲಿಗೆ ಹೋದಂತೆ ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆಯ ಕಾಡು, ಅದರಾಚೆ ಸಹ್ಯಾದ್ರಿಯ ಸಾಲು. ಹೊಳೆಗಳೆಲ್ಲ ಮೂಡಲಿಂದ ಪಡುವಲಿಗೆ ಹರಿಯುವುದರಿಂದ ಹೊಳೆಯ ಎದುರು ನಡೆದವನು ಅಪಾಯದ ಕಡೆಗೇ ನಡೆಯುತ್ತಾನೆ. ನಮ್ಮ ಭೂಪಟದಲ್ಲಿ ಮೂರು ಪಟ್ಟಿಗಳಿವೆ: ಕರಾವಳಿಯ ಪಟ್ಟಿಯಲ್ಲಿ ಮೊದಲ ಲೆವೆಲ್‌ನವರು ಬದುಕಿಕೊಳ್ಳಬಲ್ಲರು, ಪಾರೆಯ ಪಟ್ಟಿಯಲ್ಲಿ ಎಚ್ಚರ ತಪ್ಪಿದವರು ಸಾಯುತ್ತಾರೆ, ಕಾಡಿನ ಪಟ್ಟಿಯಲ್ಲಿ ಐದನೆಯ ಲೆವೆಲ್‌ನವರೂ ಅಡಗಿಕೊಂಡೇ ನಡೆಯಬೇಕು. ಇದನ್ನು ಗುಟ್ಟಾಗಿಡುವ ಅಗತ್ಯ ಸ್ವಲ್ಪವೂ ಇಲ್ಲ. ಮೊದಲ ಸೆಷನ್‌ನಲ್ಲೇ ಕಡವಿನ ದೋಣಿಯವನ ಬಾಯಲ್ಲಿ ಇದನ್ನೆಲ್ಲ ಹೇಳಿಸಿಬಿಡಿ.

ಪಟ್ಟಿಗಳನ್ನು ಬರೆದ ಮೇಲೆ ಒಂದೆರಡು ಕಡೆ ಅವುಗಳನ್ನು ಮುರಿಯಬೇಕು. ಪೇಟೆಯಿಂದ ಕೂಗಳತೆಯಲ್ಲೇ, ಯಾರೂ ಕಾಲಿಡದ ಜಾಗವೊಂದು ಇರಲಿ. ಮಕ್ಕಳಿಗೂ ಅದರ ವಿಷಯ ತಿಳಿದಿರಲಿ. ಆಟಗಾರರು ವಾರ ವಾರವೂ ಅದರ ಮುಂದಿನಿಂದಲೇ ಹಾದುಹೋಗುತ್ತಾ, ಇವತ್ತು ಒಳಹೊಕ್ಕರೆ ಹೇಗೆ ಎಂದು ಮಾತಾಡಿಕೊಳ್ಳುತ್ತಾ, ಕೊನೆಗೊಂದು ದಿನ ಹೊಕ್ಕುಬಿಡುತ್ತಾರೆ. ಆ ದಿನದ ಆಟಕ್ಕೆ ಸಮನಾದದ್ದು ನಾನು ಕಂಡಿಲ್ಲ.

ಮಳೆಗಾಲವನ್ನೂ ಭೂಪಟದಲ್ಲಿ ಬರೆದುಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶಿರಿಯಾ ಹೊಳೆಯನ್ನು ಬೇಸಗೆಯ ಹಾಗೆ ನಡೆದು ದಾಟಲಾಗದು. ಬೇಸಗೆಯಲ್ಲಿ ಮೂರು ಕಡೆಗೆ ಓಡಬಹುದಾಗಿದ್ದ ಜಾಗದಲ್ಲಿ ಮಳೆಗಾಲದಲ್ಲಿ ಒಂದೇ ಕಡೆಗೆ ಓಡಬಹುದಾದರೆ, ಶತ್ರು ಅದೇ ಆಗಿದ್ದರೂ ಅಪಾಯ ಬೇರೆಯೇ ಆಗುತ್ತದೆ.

ಲೆಕ್ಕ ಎಲ್ಲಿಯವರೆಗೆ ನೆರವಾಗುತ್ತದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮಗಳಲ್ಲಿ ಪ್ರತಿ ಜೀವಿಗೂ ಚಾಲೆಂಜ್ ರೇಟಿಂಗ್ (ಅದು ಎಷ್ಟು ಕಠಿಣ ಎಂಬ ಅಂಕ) ಮತ್ತು ಅನುಭವಾಂಕಗಳಿವೆ (ಅದನ್ನು ಸೋಲಿಸಿದರೆ ಸಿಗುವ, ಪಾತ್ರದ ಲೆವೆಲ್ ಏರಿಸುವ ಅಂಕಗಳು). ಅವನ್ನು ಕೂಡಿಸಿ, ಎಷ್ಟು ಜೀವಿಗಳಿವೆ ಎಂಬುದಕ್ಕೆ ತಕ್ಕಂತೆ ಗುಣಿಸಿ, ಕಾಳಗ ಸುಲಭವೋ ಮಾರಕವೋ ಎಂದು ಅಂದಾಜಿಸುವ ವಿಧಾನವೂ ಇದೆ. ಇದನ್ನು ಕಲಿಯಬೇಕು, ಆದರೆ ಇದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕಲಿಯಬೇಕು.

ಒಂದು ಕಡೆ ಓಗರ್ ಎಂಬ ಒಬ್ಬ ದೈತ್ಯ ರಕ್ಕಸ, ಇನ್ನೊಂದು ಕಡೆ ಗಾಬ್ಲಿನ್ ಎಂಬ ಎಂಟು ಕುಳ್ಳ ರಕ್ಕಸರು ಎಂದಿಟ್ಟುಕೊಳ್ಳಿ. ಓಗರ್‌ನ ಅನುಭವಾಂಕ 450. ಗಾಬ್ಲಿನ್‌ಗೆ ತಲಾ 50ರಂತೆ ಎಂಟಕ್ಕೆ 400. ಮೊದಲ ಲೆವೆಲ್‌ನ ನಾಲ್ವರಿಗೆ 400 ಎಂಬುದೇ ಮಾರಕದ ಗಡಿ. ಬರಿಯ ಮೊತ್ತ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಈಗ ಏಟುಗಳನ್ನು ಎಣಿಸೋಣ. ಆರ್ಮರ್ ಕ್ಲಾಸ್ (ಏಟು ತಾಗದಂತೆ ಕಾಯುವ ರಕ್ಷಣೆಯ ಅಂಕ) 15 ಇರುವವನ ಮೇಲೆ ಓಗರ್ ಬೀಸುವ ಏಟು ನೂರಕ್ಕೆ ಅರವತ್ತು ಸಲ ತಾಗುತ್ತದೆ, ತಾಗಿದರೆ ಸರಾಸರಿ 13 ಹಿಟ್ ಪಾಯಿಂಟ್ (ಜೀವಬಲದ ಅಂಕ) ಹೋಗುತ್ತದೆ. ಎಂದರೆ ಕಾಳಗದ ಒಂದು ಸುತ್ತಿಗೆ, ಎಲ್ಲರಿಗೂ ಒಂದೊಂದು ಸರದಿ ಸಿಗುವಷ್ಟು ಹೊತ್ತಿಗೆ, ಸುಮಾರು 8. ಗಾಬ್ಲಿನ್‌ನ ಏಟು ನೂರಕ್ಕೆ ಐವತ್ತು ಸಲ ತಾಗುತ್ತದೆ, ಸರಾಸರಿ ಐದೂವರೆ ಹೋಗುತ್ತದೆ; ಎಂಟೂ ಒಟ್ಟಿಗೆ ಹೊಡೆದರೆ ಸುತ್ತಿಗೆ 22. ನಾಲ್ವರ ಹಿಟ್ ಪಾಯಿಂಟ್‌ಗಳನ್ನು ಕೂಡಿಸಿದರೆ ಸಾಮಾನ್ಯವಾಗಿ ನಲವತ್ತರ ಒಳಗೇ ಇರುವುದರಿಂದ, ಬಯಲಲ್ಲಿ ಎಂಟು ಗಾಬ್ಲಿನ್‌ಗಳ ನಡುವೆ ಸಿಕ್ಕಿಬಿದ್ದವರ ಪಾಡು ಎರಡೇ ಸುತ್ತಿನಲ್ಲಿ ತೀರ್ಮಾನವಾಗಬಹುದು. ಏಳರಿಂದ ಹತ್ತು ಶತ್ರುಗಳಿದ್ದರೆ ಮೊತ್ತವನ್ನು ಎರಡೂವರೆಯಿಂದ ಗುಣಿಸಬೇಕೆಂದು ಆ ನಿಯಮ ಹೇಳುವುದು ಇದಕ್ಕೇ: ಎಂಟು ಗಾಬ್ಲಿನ್‌ಗಳ 400 ಆಗ 1000 ಆಗುತ್ತದೆ. ಶತ್ರುವಿನ ಗಾತ್ರಕ್ಕಿಂತ ಒಂದು ಸುತ್ತಿನಲ್ಲಿ ಎಷ್ಟು ಏಟುಗಳು ಬೀಳುತ್ತವೆ ಎಂಬುದನ್ನು ಮೊದಲು ನೋಡುವ ಅಭ್ಯಾಸ ಒಳ್ಳೆಯದು.

ಇದೇ ಎಂಟು ಗಾಬ್ಲಿನ್‌ಗಳನ್ನು ಈಗ ಸುರಂಗದೊಳಗೆ ತನ್ನಿ. ಬಾಯಾರು, ಶೇಣಿ ಕಡೆಯ ಗುಡ್ಡೆಗಳಲ್ಲಿ ನೀರಿಗಾಗಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳನ್ನು ಕಂಡವರಿಗೆ ಅದರ ಅಗಲ ಗೊತ್ತು: ಒಬ್ಬನೇ ಮನುಷ್ಯ ನಡೆಯಬಹುದು, ಎದುರಿನಿಂದ ಇನ್ನೊಬ್ಬ ಬಂದರೆ ಇಬ್ಬರಲ್ಲೊಬ್ಬ ಹಿಂದೆ ಸರಿಯಬೇಕು. ಅಲ್ಲಿ ಎಂಟರಲ್ಲಿ ಏಳು ಗಾಬ್ಲಿನ್‌ಗಳು ಸಾಲಾಗಿ ಕಾಯುತ್ತಾ ನಿಲ್ಲಬೇಕು; ಬಿಲ್ಲೆತ್ತಿದರೂ ಮುಂದಿನವನ ಬೆನ್ನೇ ಅಡ್ಡ. ಸುತ್ತಿಗೆ 22 ಇದ್ದದ್ದು 3ಕ್ಕಿಂತ ಕೆಳಗೆ ಇಳಿಯುತ್ತದೆ. ಓಗರ್ ಅಂತೂ ಒಳಕ್ಕೇ ಬರಲಾರ. ಆದರೆ ಸುರಂಗದ ಇನ್ನೊಂದು ಗುಣವನ್ನೂ ಮರೆಯಬಾರದು: ಕೆಲವಕ್ಕೆ ಗಾಳಿಗೆಂದು ಮೇಲಿನಿಂದ ಕೊರೆದ ಬಾವಿಯಂಥ ಕಂಡಿಗಳಿರುತ್ತವೆ, ಅಲ್ಲಿಂದ ಹೊಗೆ ಇಳಿಸಬಹುದು, ಕಲ್ಲು ಹಾಕಬಹುದು. ಗಾಬ್ಲಿನ್‌ಗಳಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ, ಮನುಷ್ಯರಿಗೆ ಪಂಜು ಬೇಕು. ಜಾಗವನ್ನು ಆಟಗಾರರು ಆರಿಸಿದರೆ ಸುರಂಗ ಅವರಿಗೆ ಒದಗುತ್ತದೆ, ಗಾಬ್ಲಿನ್‌ಗಳು ಆರಿಸಿದರೆ ಅವಕ್ಕೆ. ಯಾವ ಕೋಷ್ಟಕವೂ ಇದನ್ನು ಮೊದಲೇ ಹೇಳಲಾರದು. ಮಾಂತ್ರಿಕನ ಬಳಿ ಸ್ಲೀಪ್ ಮಂತ್ರ ಇದೆಯೇ ಎಂಬುದನ್ನೂ ಅದು ಕೇಳುವುದಿಲ್ಲ. ಐದು ಎಂಟುಮುಖದ ದಾಳಗಳ ಆ ಮಂತ್ರ ಸರಾಸರಿ 22 ಹಿಟ್ ಪಾಯಿಂಟ್‌ನಷ್ಟು ಜೀವಿಗಳನ್ನು ಮಲಗಿಸುತ್ತದೆ: 7 ಹಿಟ್ ಪಾಯಿಂಟ್‌ನ ಗಾಬ್ಲಿನ್‌ಗಳಲ್ಲಿ ಮೂರು ಉರುಳುತ್ತವೆ, 59 ಇರುವ ಓಗರ್‌ಗೆ ಆಕಳಿಕೆಯೂ ಬರುವುದಿಲ್ಲ.

ಆದ್ದರಿಂದ ಸ್ಯಾಂಡ್‌ಬಾಕ್ಸ್‌ನಲ್ಲಿ ನಾನು ಈ ಲೆಕ್ಕವನ್ನು ಒಂದೇ ಕೆಲಸಕ್ಕೆ ಬಳಸುತ್ತೇನೆ. ಲೆಕ್ಕದಲ್ಲಿ ಮಾರಕ ಎಂದು ಬಂದ ಪ್ರತಿ ಜಾಗಕ್ಕೂ, ಅಲ್ಲಿಗೆ ಕಾಲಿಡುವ ಮುಂಚೆ ಸಿಗುವ ಮೂರು ಸೂಚನೆಗಳನ್ನು ಬರೆಯುತ್ತೇನೆ. ಬಲ ಹೆಚ್ಚಿದಷ್ಟೂ ಸೂಚನೆ ಹೆಚ್ಚಬೇಕು, ಮತ್ತು ಹೆಚ್ಚು ದೂರದಿಂದಲೇ ಸಿಗಬೇಕು.

ಸೂಚನೆಗಳನ್ನು ಬರೆಯುವ ಬಗೆ

ಕಾರಡ್ಕ, ದೇಲಂಪಾಡಿ ಕಡೆಯ ಕೃಷಿಕರು ಆನೆಯನ್ನು ಕಣ್ಣಾರೆ ನೋಡುವ ಮುಂಚೆಯೇ ಅದು ಬಂದದ್ದನ್ನು ತಿಳಿಯುತ್ತಾರೆ. ಮುರಿದ ಬಾಳೆ, ಸಿಗಿದ ಅಡಿಕೆ ಮರ, ಲದ್ದಿ, ಲದ್ದಿಯ ಬಿಸಿ, ತೋಡಿನ ಕೆಸರಿನಲ್ಲಿ ಊರಿದ ಹೆಜ್ಜೆ, ಅದರ ಅಂಚು ಕುಸಿದಿದೆಯೋ ಇಲ್ಲವೋ: ಇಷ್ಟರಿಂದ ಎಷ್ಟು ಹೊತ್ತಿಗೆ, ಯಾವ ಕಡೆಗೆ, ಒಂಟಿಯೋ ಮರಿ ಜೊತೆಗಿದೆಯೋ ಎಂದು ಅಂದಾಜು ಮಾಡುತ್ತಾರೆ. ಗೇಮ್ ಮಾಸ್ಟರ್ ತನ್ನ ಪ್ರತಿ ಘೋರ ಜೀವಿಗೂ ಇದೇ ರೀತಿ ಬರೆಯಬೇಕು.

ಮೊದಲ ಸೂಚನೆ ಊರಿನಲ್ಲೇ, ಮಾತಿನ ರೂಪದಲ್ಲಿ ಸಿಗಬೇಕು. ಎರಡನೆಯದು ದಾರಿಯಲ್ಲಿ, ಕಣ್ಣಿಗೆ ಅಥವಾ ಮೂಗಿಗೆ ಸಿಗಬೇಕು. ಮೂರನೆಯದು ಆ ಜೀವಿಯ ಬಲವನ್ನು ತೋರಿಸಬೇಕು. ಇದು ಎಲ್ಲಕ್ಕಿಂತ ಮುಖ್ಯ, ಅನೇಕರು ಬಿಟ್ಟುಬಿಡುವುದೂ ಇದನ್ನೇ. ನಮ್ಮ ಪಾರೆಯ ಪಟ್ಟಿಯಲ್ಲಿರುವ ಓಗರ್‌ಗೆ ನಾನು ಬರೆದದ್ದು ಹೀಗಿದೆ. ಪೇಟೆಯಲ್ಲಿ ಎತ್ತಿನ ವ್ಯಾಪಾರಿಯೊಬ್ಬ, ಪಾರೆಯ ದಾರಿಯಲ್ಲಿ ಈಗ ಯಾರೂ ಜಾನುವಾರು ಹೊಡೆದುಕೊಂಡು ಹೋಗುವುದಿಲ್ಲ, ಎರಡು ಹರದಾರಿ ಸುತ್ತು ಹಾಕುತ್ತಾರೆ ಎಂದು ಹೇಳುತ್ತಾನೆ. ದಾರಿಯಲ್ಲಿ ಹದ್ದುಗಳು ಒಂದೇ ಕಡೆ ಸುತ್ತುತ್ತಿರುವುದು ಕಾಣುತ್ತದೆ, ಗಾಳಿ ಬೀಸಿದಾಗ ಕೊಳೆತ ಚರ್ಮದ ವಾಸನೆ ಬರುತ್ತದೆ. ಕೊನೆಗೆ ಪಾರೆಯ ಅಂಚಿನಲ್ಲಿ ಒಂದು ಕೋಣದ ಬುರುಡೆ ಸಿಗುತ್ತದೆ: ನೆತ್ತಿಯ ಮೂಳೆ ಒಂದೇ ಏಟಿಗೆ ಒಳಕ್ಕೆ ಕುಸಿದಿದೆ, ಎರಡನೆಯ ಏಟಿನ ಗುರುತಿಲ್ಲ. ಈ ಮೂರನೆಯದನ್ನು ಕೇಳಿದ ಕೂಡಲೇ ಮೇಜಿನ ಸುತ್ತ ಕೂತವರ ಮಾತಿನ ಧಾಟಿ ಬದಲಾಗುತ್ತದೆ. ಯಾರೋ ಒಬ್ಬರು ತಮ್ಮ ಪಾತ್ರದ ಹಿಟ್ ಪಾಯಿಂಟ್ ನೋಡಿಕೊಳ್ಳುತ್ತಾರೆ.

ಈ ಸೂಚನೆಗಳಿಗೆ ದಾಳ ಹಾಕಿಸಬಾರದು. ಬುರುಡೆಯನ್ನು ಗಮನಿಸಲು ದಾಳ ಬೇಕೆಂದು ಮಾಡಿದರೆ, ದಾಳ ಬೀಳದ ದಿನ ಆಟಗಾರರು ತಿಳಿಯದೆ ಸಾಯುತ್ತಾರೆ, ಮತ್ತು ತಿಳಿಯದೆ ಸತ್ತದ್ದರಲ್ಲಿ ಅವರ ತೀರ್ಮಾನವೆಂಬುದೇ ಇರುವುದಿಲ್ಲ. ಅಪಾಯ ಇದೆ ಎಂಬುದು ಪುಕ್ಕಟೆಯಾಗಿ ಸಿಗಲಿ. ಅದು ನಿಖರವಾಗಿ ಏನು, ಯಾವಾಗ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದಕ್ಕೆ ದಾಳ, ಹಣ, ಹೊತ್ತು ಖರ್ಚಾಗಲಿ. ಯಾರಾದರೂ ಸೂಚನೆಯನ್ನು ಬೇರೆ ರೀತಿ ಅರ್ಥ ಮಾಡಿಕೊಂಡಂತೆ ಕಂಡರೆ, ಏಟು ಬೀಳುವ ಮುಂಚೆ ನೇರವಾಗಿ ಹೇಳಿಬಿಡಿ: "ನಿಮ್ಮ ಪಾತ್ರ ಇಲ್ಲೇ ಹುಟ್ಟಿ ಬೆಳೆದದ್ದು; ಈ ಏಟು ತನಗೆ ಬಿದ್ದರೆ ಏಳಲಾರೆ ಎಂದು ಅದಕ್ಕೆ ಗೊತ್ತು. ಆದರೂ ಹೋಗುತ್ತೀರಾ?" ಇದರಿಂದ ಆಟದ ರಸ ಕೆಡುವುದಿಲ್ಲ. ಪಾತ್ರ ಕಣ್ಣಾರೆ ಕಂಡದ್ದು ಆಟಗಾರರಿಗೆ ನಮ್ಮ ಮಾತಿನಿಂದಲೇ ತಲುಪಬೇಕಾದ್ದರಿಂದ ಆ ಮಾತು ಸ್ಪಷ್ಟವಾಗಿರಬೇಕು.

ಇಲ್ಲಿ ಒಂದು ಸಂಗತಿಯನ್ನು ಸೇರಿಸಬೇಕೆನಿಸುತ್ತದೆ. ನಮ್ಮ ನೆಲದ ಭೂಪಟ ಬರೆಯುವಾಗ ದೈವಗಳನ್ನು ಶತ್ರುಗಳ ಪಟ್ಟಿಗೆ ಸೇರಿಸುವ ಆಸೆ ಬಂದೀತು. ಹಾಗೆ ಮಾಡಬೇಡಿ. ಮೇಜಿನ ಸುತ್ತ ಕೂತವರ ಮನೆಯಲ್ಲಿ ಆ ದೈವಕ್ಕೆ ಕೋಲವೋ ತಂಬಿಲವೋ ನಡೆಯುತ್ತಿರಬಹುದು. ನಂಬಿಕೆಯಿಂದ ಕೈಮುಗಿಯುವ ಶಕ್ತಿಗೆ ಹಿಟ್ ಪಾಯಿಂಟ್ ಬರೆಯುವುದು ನನಗೆ ಸರಿಕಾಣುವುದಿಲ್ಲ. ನಾವೇ ಕಟ್ಟಿದ ರಕ್ಕಸರು, ಪ್ರೇತಗಳು ಧಾರಾಳ ಸಾಕು.

ಎದುರಾದದ್ದೆಲ್ಲ ಕಾಳಗವಲ್ಲ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ನಿಯಮಗಳಲ್ಲಿ ಒಂದು ಚಿಕ್ಕ ಉಪಾಯವಿದೆ, ಸ್ಯಾಂಡ್‌ಬಾಕ್ಸ್ ಆಡಿಸುವವರು ಯಾವ ಆವೃತ್ತಿಯನ್ನು ಬಳಸಿದರೂ ಅದನ್ನು ಎರವಲು ತರಬೇಕು. ಜೀವಿ ಎದುರಾದಾಗ, ಅದರ ವರ್ತನೆ ಮೊದಲೇ ನಿಶ್ಚಯವಾಗಿಲ್ಲದಿದ್ದರೆ, ಎರಡು ಆರುಮುಖದ ದಾಳಗಳನ್ನು ಹಾಕುತ್ತಾರೆ. 2 ಬಿದ್ದರೆ ತಕ್ಷಣ ಮೇಲೆರಗುತ್ತದೆ, 3ರಿಂದ 5 ಬಿದ್ದರೆ ಮೇಲೆರಗುವ ಸಂಭವವಿದೆ, 6ರಿಂದ 8 ಬಿದ್ದರೆ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತದೆ, 9ರಿಂದ 11ಕ್ಕೆ ಏರಿಬರುವುದಿಲ್ಲ, 12ಕ್ಕೆ ಸ್ನೇಹ. ಮೂವತ್ತಾರು ಸಾಧ್ಯತೆಗಳಲ್ಲಿ ತಕ್ಷಣದ ಏಟಿಗೆ ಸೇರಿದ್ದು ಒಂದೇ ಒಂದು. ಹದಿನಾರು ಆ ನಡುವಿನ ಅನುಮಾನಕ್ಕೆ ಸೇರಿವೆ. ಹಸಿದ ಹುಲಿಗೆ ಎರಡು ಕಳೆಯಿರಿ, ಕೈಯಲ್ಲಿ ಕಾಣಿಕೆ ಹಿಡಿದು ಬಂದವರಿಗೆ ಒಂದು ಕೂಡಿಸಿ.

ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಕೆರೆಯಲ್ಲಿ ನೈವೇದ್ಯದ ಅನ್ನ ತಿಂದುಕೊಂಡಿದ್ದು 2022ರ ಅಕ್ಟೋಬರ್‌ನಲ್ಲಿ ಇಲ್ಲವಾದ ಬಬಿಯ ಮೊಸಳೆಯನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ, ಭಾರೀ ಹಲ್ಲಿನ ಪ್ರಾಣಿಯೆಲ್ಲ ಏರಿಬರಲೇಬೇಕೆಂದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಪಟದ ಕೆರೆಯಲ್ಲಿ ಮೊಸಳೆ ಇಟ್ಟರೆ ಆಟಗಾರರು ಮೊದಲು ಅದಕ್ಕೆ ಏನು ತಿನ್ನಿಸಬಹುದೆಂದು ಕೇಳುತ್ತಾರೆ. ಬಲದಲ್ಲಿ ಮೂರು ಪಟ್ಟು ಇರುವ ಜೀವಿಯೊಂದಿಗೂ ಮಾತು, ಕಾಣಿಕೆ, ಒಪ್ಪಂದ ಸಾಧ್ಯವೆಂದಾದರೆ, ಆ ಜೀವಿಯನ್ನು ಭೂಪಟದಲ್ಲಿಡಲು ಗೇಮ್ ಮಾಸ್ಟರ್ ಹೆದರಬೇಕಾಗಿಲ್ಲ.

ದೂರವನ್ನೂ ದಾಳದಿಂದಲೇ ತೀರ್ಮಾನಿಸಿ. ಅದೇ ವರ್ಷದ ಎಕ್ಸ್‌ಪರ್ಟ್ ನಿಯಮಗಳಲ್ಲಿ ಬಯಲಲ್ಲಿ ನಾಲ್ಕು ಆರುಮುಖದ ದಾಳಗಳ ಮೊತ್ತಕ್ಕೆ ಹತ್ತರಿಂದ ಗುಣಿಸಿದಷ್ಟು ಗಜ, ಎಂದರೆ ಸರಾಸರಿ 140 ಗಜ. ಬೋಳು ಪಾರೆಯ ಮೇಲೆ ಇದು ಸರಿ. ಅಡಿಕೆ ತೋಟದೊಳಗೆ, ಮಳೆ ಸುರಿಯುವಾಗ, ಕಾಲು ಭಾಗಕ್ಕೆ ಇಳಿಸಿ. ಆಟಗಾರರಿಗೆ ಆ ದೂರವನ್ನು ಹೇಳಿ, "ಅದು ನಿಮ್ಮನ್ನು ಇನ್ನೂ ಕಂಡಿಲ್ಲ" ಎಂಬ ಒಂದು ವಾಕ್ಯ ಸೇರಿಸಿದರೆ ಸಾಕು, ಮಾರಕ ಕಾಳಗವಾಗಬಹುದಾಗಿದ್ದದ್ದು ಹತ್ತು ನಿಮಿಷಗಳ ಬಿರುಸಿನ ಸಮಾಲೋಚನೆಯಾಗುತ್ತದೆ.

ಆಕಸ್ಮಿಕ ಭೇಟಿಗಳ ಕೋಷ್ಟಕವನ್ನು ಎರಡು ದಾಳಗಳ ಮೊತ್ತಕ್ಕೆ ಬರೆಯುವುದು ಲೇಸು. 6, 7, 8ಕ್ಕೆ ಆ ಪಟ್ಟಿಯ ದಿನನಿತ್ಯದ ಸಂಗತಿಗಳನ್ನು ಬರೆಯಿರಿ: ಹಂದಿ ಹಿಂಡು, ಕಟ್ಟ (ನೀರಿನ ಒಡ್ಡು) ಕಟ್ಟುತ್ತಿರುವ ಊರವರು, ಗಾಬ್ಲಿನ್‌ಗಳ ಕಾವಲು ತಂಡ. ಪಕ್ಕದ ಪಟ್ಟಿಯ ಜೀವಿಗಳನ್ನು 2 ಮತ್ತು 12ಕ್ಕೆ ಇಡಿ. ಆಮೇಲೆ ಇನ್ನೊಂದು ದಾಳ ಹಾಕಿ: 1 ಅಥವಾ 2 ಆದರೆ ಅದರ ಗುರುತು ಮಾತ್ರ ಸಿಗುತ್ತದೆ, 3 ಅಥವಾ 4 ಆದರೆ ಅದು ದೂರದಲ್ಲಿ ತನ್ನ ಪಾಡಿಗಿದೆ, 5 ಅಥವಾ 6 ಆದರೆ ಎದುರಿಗೇ ಇದೆ.

ಓಡುವವರಿಗೆ ದಾರಿ

ಓಡಿದರೆ ಉಳಿಯಬಹುದೆಂಬ ನಂಬಿಕೆ ಇಲ್ಲದಿದ್ದರೆ ಆಟಗಾರರು ಓಡುವುದಿಲ್ಲ, ನಿಂತು ಸಾಯುತ್ತಾರೆ. 2014ರ ನಿಯಮಗಳ ಪ್ರಕಾರ ಮನುಷ್ಯನ ನಡಿಗೆ ಸುತ್ತಿಗೆ 30 ಅಡಿ, ಓಗರ್‌ನದು 40. ಚೌಕ ಎಣಿಸಿ ಓಡಿಸಿದರೆ ಯಾರೂ ಎಂದೂ ತಪ್ಪಿಸಿಕೊಳ್ಳಲಾರರು. ಆಟಗಾರರು ಓಡುತ್ತೇವೆ ಎಂದ ಕೂಡಲೇ ಕಾಳಗದ ಸುತ್ತುಗಳನ್ನು ನಿಲ್ಲಿಸಿ, ಬೆನ್ನಟ್ಟುವಿಕೆಯನ್ನು ಬೇರೆಯದೇ ಲೆಕ್ಕದಲ್ಲಿ ನಡೆಸಬೇಕು. ಹಳೆಯ ನಿಯಮದಲ್ಲಿ, ಹಿಂದೆ ಬರುವ ಪ್ರಾಣಿಯ ಮುಂದೆ ಆಹಾರ ಎಸೆದರೆ, ಅಥವಾ ಬುದ್ಧಿಯುಳ್ಳ ಶತ್ರುವಿನ ಮುಂದೆ ಚಿನ್ನ ಚೆಲ್ಲಿದರೆ, ಆರುಮುಖದ ದಾಳದಲ್ಲಿ 1ರಿಂದ 3 ಬಿದ್ದಾಗ ಅದು ನಿಲ್ಲುತ್ತದೆ. ಇದರ ಜೊತೆಗೆ ನೆಲವನ್ನೂ ಬಳಸಲು ಬಿಡಿ. ಸುರಂಗಕ್ಕೆ ನುಗ್ಗಿದವರನ್ನು ಓಗರ್ ಹಿಂಬಾಲಿಸಲಾರ. ಹೊಳೆಗೆ ಹಾರಿದವರು ಓಗರ್‌ನಿಂದ ಪಾರಾಗಿ ನೀರಿನ ಕೈಗೆ ಸಿಗುತ್ತಾರೆ. ಪ್ರತಿ ದಾರಿಗೂ ಒಂದು ಬೆಲೆ ಇರಲಿ, ಬೆಲೆ ಏನೆಂದು ಮೊದಲೇ ತಿಳಿದಿರಲಿ.

ಶತ್ರುಗಳೂ ಓಡಬೇಕು. ಹಳೆಯ ನಿಯಮಗಳು ಪ್ರತಿ ಜೀವಿಗೂ ಧೈರ್ಯದ ಅಂಕವೊಂದನ್ನು ಕೊಡುತ್ತವೆ. ಆ ಕಡೆಯಲ್ಲಿ ಮೊದಲನೆಯದು ಸತ್ತಾಗ ಒಮ್ಮೆ, ಅರ್ಧದಷ್ಟು ಬಿದ್ದಾಗ ಇನ್ನೊಮ್ಮೆ ಎರಡು ದಾಳ ಹಾಕಿ, ಅಂಕಕ್ಕಿಂತ ಹೆಚ್ಚು ಬಿದ್ದರೆ ಅವು ಕಾಲಿಗೆ ಬುದ್ಧಿ ಹೇಳುತ್ತವೆ. ಗಾಬ್ಲಿನ್‌ಗೆ 7, ಓಗರ್‌ಗೆ 10. ಒಂದು ಸಲದ ಪರೀಕ್ಷೆಯಲ್ಲಿ ಗಾಬ್ಲಿನ್‌ಗಳು ಓಡುವ ಸಂಭವ ನೂರಕ್ಕೆ ಸುಮಾರು 42, ಓಗರ್‌ದು ಸುಮಾರು 8. ಮೊದಲ ಸುತ್ತಿನಲ್ಲೇ ಒಂದು ಗಾಬ್ಲಿನ್ ಬಿದ್ದರೆ ಉಳಿದ ಏಳು ಚದುರಿಹೋಗುವ ಸಂಭವ ಇಷ್ಟಿದೆಯೆಂದರೆ, ಮೇಲೆ ಹೇಳಿದ 1000ದ ಲೆಕ್ಕ ಎಷ್ಟು ಸಡಿಲವಾಗುತ್ತದೆಂದು ನೀವೇ ನೋಡಿ.

ಅನುಭವಾಂಕವನ್ನು ಕೊಂದದ್ದಕ್ಕೆ ಮಾತ್ರ ಕೊಡುತ್ತಿದ್ದರೆ ಇಷ್ಟೆಲ್ಲ ದಾರಿಗಳಿದ್ದರೂ ಆಟಗಾರರು ಕೊಲ್ಲಲೇ ಹೋಗುತ್ತಾರೆ. ಹಳೆಯ ಆಟದಲ್ಲಿ ಊರಿಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದು ಅಂಕ ಸಿಗುತ್ತಿತ್ತು. ನಮ್ಮಲ್ಲಿ ಹೊಸ ಜಾಗ ಕಂಡುಹಿಡಿದು ಭೂಪಟದಲ್ಲಿ ಗುರುತಿಸಿದ್ದಕ್ಕೂ ಕೊಡುತ್ತೇವೆ.

ದಾಳಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿ, ಬಿದ್ದದ್ದನ್ನು ಬದಲಿಸಬೇಡಿ. ಮರೆಯಲ್ಲಿ ಹಾಕಿ ಏಟನ್ನು ತಗ್ಗಿಸಿದ್ದು ಆಟಗಾರರಿಗೆ ಒಮ್ಮೆ ತಿಳಿದರೆ ಬುರುಡೆಯ ಸೂಚನೆಗೂ ಬೆಲೆ ಇಲ್ಲವಾಗುತ್ತದೆ. ಪಾತ್ರ ಸತ್ತರೆ ಹೊಸದನ್ನು ಬೇಗ ಮಾಡಿಕೊಳ್ಳಲು ಬೇಕಾದ ಹಾಳೆಗಳು ಸಿದ್ಧವಿರಲಿ, ಹೊಸಬ ಬಂದು ಸೇರಿಕೊಳ್ಳಲು ಒಂದು ಕಡವೋ ಊರ ಹಿರಿಯ ಮನೆತನದ ಗುತ್ತಿನ ಮನೆಯೋ ಇರಲಿ.

ಸೆಷನ್ ಮುಗಿದ ಮೇಲೆ ಗೇಮ್ ಮಾಸ್ಟರ್‌ಗೆ ಕಾಲು ಗಂಟೆಯ ಕೆಲಸ ಉಳಿಯುತ್ತದೆ. ಓಡಿಹೋದ ಐದು ಗಾಬ್ಲಿನ್‌ಗಳು ಎಲ್ಲಿ ಸೇರಿಕೊಂಡವು, ಓಗರ್ ಸತ್ತಿದ್ದರೆ ಬರಿದಾದ ಪಾರೆಗೆ ಯಾರು ಬರುತ್ತಾರೆ, ಎತ್ತಿನ ವ್ಯಾಪಾರಿ ಮತ್ತೆ ನೇರ ದಾರಿ ಹಿಡಿದನೇ, ಸುದ್ದಿ ಕಡವಿಗೆ ಯಾವಾಗ ಮುಟ್ಟಿತು ಎಂದು ಬರೆದುಕೊಂಡು, ಕೋಷ್ಟಕದ ಹಳೆಯ ಸಾಲನ್ನು ಹೊಡೆದು ಹೊಸದನ್ನು ಸೇರಿಸಬೇಕು. ಹೊಸ ಸಾಲು ಮಾರಕದ ಗಡಿ ದಾಟಿದ್ದಾದರೆ, ಅದರ ಮೂರು ಸೂಚನೆಗಳನ್ನು ಮುಂದಿನ ಸೆಷನ್‌ಗೆ ಮುಂಚೆಯೇ ಬರೆದಿಡಬೇಕು.